ಫಜೀತಿಶಾಸ್ತ್ರ ಪ್ರವೇಶಿಕೆ

'ಫಝ್' ಎಂಬುದು ಕನ್ನಡ ಪದ. ಈ ಪ್ರಬಂಧದ ಮೊದಲ ಸ್ಥಾಪನೆ ಇದು. ಉಳಿದವೆಲ್ಲ ಇದಕ್ಕೇ ಜೋತುಬಿದ್ದಿವೆ. ಕಂಪ್ಯೂಟರಿಗೆ ಕಂಡಕಂಡ ಕಸವನ್ನೆಲ್ಲ ಉಣಿಸಿ, ಯಾವ ತುತ್ತಿಗೆ ಅದು ಕಣ್ಣು ಮೇಲೆ ಮಾಡುತ್ತದೆಂದು ನೋಡುವ ವಿದ್ಯೆಗೆ ಫಝ್ ಟೆಸ್ಟಿಂಗ್ ಎಂದು ಹೆಸರು. ಫಝ್ ಎಂದರೆ ನವಿರುಗೂದಲು ಎನ್ನುತ್ತವೆ ಇಂಗ್ಲಿಷ್ ನಿಘಂಟುಗಳು. ಕೂದಲಿಗೂ ಕಂಪ್ಯೂಟರಿಗೂ ಎತ್ತಣ ಸಂಬಂಧ? ಅದು ನಮ್ಮ 'ಫಜೀತಿ'ಯ ಮೊಟಕು ರೂಪ. ಫಜೀತಿಯೇ ಅರಬ್ಬಿ ಮೂಲದ್ದು, ಮರಾಠಿ ದಾಟಿ ಬಂದದ್ದು ಎಂದು ಪೂರ್ವಪಕ್ಷದವರು ತಕರಾರು ತೆಗೆಯುತ್ತಾರೆ. ಬಂದ ಹಾದಿ ಯಾವುದಾದರೇನು, ಮನೆ ಕಟ್ಟಿದ್ದು ಧಾರವಾಡದಲ್ಲಿ. ಉಳಿದ ಪ್ರೋಗ್ರಾಮುಗಳನ್ನೆಲ್ಲ ಯಂತ್ರದೊಳಗೆ ಕೂತು ನಡೆಸುವ ಮೂಲ ಪ್ರೋಗ್ರಾಮಾದ 'ಕರ್ನಲ್' ವಿಷಯದಲ್ಲಂತೂ ತಕರಾರಿಗೆ ಎಡೆಯೇ ಇಲ್ಲ. ಅದು ಕರುಳು. ಬೇರೆ ಪ್ರೋಗ್ರಾಮು ಸತ್ತರೆ ಅದೊಂದೇ ಸಾಯುತ್ತದೆ. ಕರುಳು ಕೆಟ್ಟರೆ ಯಂತ್ರವೇ ಅಂಗಾತ ಮಲಗುತ್ತದೆ. ಪದಗಳ ಬೇರು ಹುಡುಕಿದ ಶಂಬಾ ಜೋಶಿಯವರು ಬಾಳಿದ ಊರಿನಲ್ಲಿ ಇಷ್ಟಾದರೂ ವ್ಯುತ್ಪತ್ತಿ ಹೇಳದಿದ್ದರೆ ಇದನ್ನು ಪ್ರಬಂಧವೆಂದು ಒಪ್ಪುವವರಾರು?

ಇತಿಹಾಸಕ್ಕೆ ಬರೋಣ. 1988ರಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಬಾರ್ಟನ್ ಮಿಲ್ಲರ್, ಗುಡುಗು-ಮಳೆಯ ಒಂದು ರಾತ್ರಿ, ಮನೆಯಿಂದ ಫೋನ್ ತಂತಿಯ ಮೇಲೆ ಯುನಿಕ್ಸ್ ಯಂತ್ರಕ್ಕೆ ಆಜ್ಞೆ ಕೊಡುತ್ತ ಕೂತಿದ್ದರು. ಮಳೆಯ ಗದ್ದಲ ತಂತಿಯೊಳಗೆ ನುಗ್ಗಿ ಅಕ್ಷರಗಳನ್ನು ಕೆಡಿಸಿತು. ಕೆಟ್ಟ ಅಕ್ಷರ ಉಂಡ ಪ್ರೋಗ್ರಾಮುಗಳು ಪಟಪಟನೆ ಬಿದ್ದವು. ಅವರು ಅದನ್ನೇ ವಿದ್ಯಾರ್ಥಿಗಳಿಗೆ ಪಾಠವಾಗಿ ಕೊಟ್ಟರು. 1990ರಲ್ಲಿ ಬಂದ ಅವರ ಲೇಖನದ ಪ್ರಕಾರ, ಪರೀಕ್ಷಿಸಿದ ಯುನಿಕ್ಸ್ ಪ್ರೋಗ್ರಾಮುಗಳಲ್ಲಿ ಕಾಲು ಭಾಗದಿಂದ ಮೂರನೇ ಒಂದು ಭಾಗದವರೆಗೆ ಕಸ ತಿಂದು ನೆಲ ಕಚ್ಚಿದ್ದವು. ಧಾರವಾಡದಲ್ಲಿ ಶ್ರಾವಣದ ಜಿಟಿಜಿಟಿ ಮಳೆ ವಾರಗಟ್ಟಲೆ ಹಿಡಿಯುತ್ತದೆ. ಹಾಗಿದ್ದೂ ಈ ಶಾಸ್ತ್ರ ಇಲ್ಲೇಕೆ ಹುಟ್ಟಲಿಲ್ಲ? ಕಾರಣ ಸ್ಪಷ್ಟ: ಇಲ್ಲಿ ಮಳೆ ಬಂದರೆ ಕವಿತೆ ಹುಟ್ಟುತ್ತದೆ, ತಂತಿಯತ್ತ ಯಾರೂ ನೋಡುವುದಿಲ್ಲ.

ಇನ್ನು ಫಜೀತಿಗೆ ಒಡ್ಡಬೇಕಾದ ನೆಟ್‌ವರ್ಕ್ ಫೈಲ್ ಸಿಸ್ಟಮ್: ದೂರದ ಸರ್ವರಿನಲ್ಲಿರುವ ಫೈಲನ್ನು ತನ್ನದೇ ಎಂಬಂತೆ ತೆರೆಯುವ ವ್ಯವಸ್ಥೆ. 1984ರಲ್ಲಿ ಸನ್ ಮೈಕ್ರೋಸಿಸ್ಟಮ್ಸ್ ಕಂಪನಿ ಇದನ್ನು ಕಂಡುಹಿಡಿಯಿತೆಂಬ ಪ್ರತೀತಿ ಇದೆ. ಆದರೆ 20 ಕಿಲೋಮೀಟರ್ ದೂರದ ಹುಬ್ಬಳ್ಳಿ ಮತ್ತು ಧಾರವಾಡಗಳನ್ನು 1962ರಲ್ಲೇ ಒಂದು ಮಹಾನಗರಪಾಲಿಕೆಗೆ ಕಟ್ಟಿಹಾಕಿ ಆಗಿತ್ತು. ಕೇಳುವವನು ಒಂದೂರಲ್ಲಿ, ಕಡತ ಇನ್ನೊಂದೂರಲ್ಲಿ. ಇದಕ್ಕಿಂತ ನೆಟ್‌ವರ್ಕ್ ಫೈಲ್ ಬೇಕೆ? ಲಕ್ಷಣಗಳೂ ತಾಳೆಯಾಗುತ್ತವೆ. ಸರ್ವರ್ ಮೌನವಾದರೆ ಲಿನಕ್ಸ್ ಕರ್ನಲ್ 'ಉತ್ತರವಿಲ್ಲ, ಇನ್ನೂ ಪ್ರಯತ್ನಿಸುತ್ತಿದ್ದೇನೆ' ಎಂದು ಬರೆದಿಟ್ಟು ಕಾಯುತ್ತ ಕೂರುತ್ತದೆ. ಯಾವುದೇ ಕಚೇರಿಯ ಬೆಂಚಿನ ಮೇಲೆ ಈ ಭಂಗಿಯನ್ನು ಕಾಣಬಹುದು. ಹಿಡಿದ ಫೈಲು ಆ ಕಡೆ ಇಲ್ಲವಾಗಿದ್ದರೆ 'ಹಳಸಿದ ಹಿಡಿಕೆ' ಎಂಬ ದೋಷ ಬರುತ್ತದೆ. ನಾವು ಅದಕ್ಕೆ 'ಆ ಸಾಹೇಬರಿಗೆ ವರ್ಗ ಆತರಿ' ಎನ್ನುತ್ತೇವೆ.

ಕರ್ನಲ್ ಪತನದ ಗುಟ್ಟು ಮಾತ್ರ ಪೇಡೆಯಲ್ಲಿದೆ. ಸರ್ವರ್ ಕಳಿಸುವ ಉತ್ತರದಲ್ಲಿ, ಉದ್ದ ನಿಗದಿಯಿಲ್ಲದ ಮಾಲಿಗೆ ಮೊದಲು ನಾಲ್ಕು ಬೈಟುಗಳ ಒಂದು ಚೀಟಿ: ಒಳಗೆ ಇಷ್ಟು ಮಾಲಿದೆ ಎಂದು. ಆಮೇಲೆ ಮಾಲು. ಈ ವ್ಯವಸ್ಥೆಯ ಮೂರನೇ ಆವೃತ್ತಿಯಲ್ಲಿ ಫೈಲಿನ ಹಿಡಿಕೆ 64 ಬೈಟು ಮೀರಬಾರದೆಂದು 1995ರ ಕಟ್ಟಳೆ ಹೇಳುತ್ತದೆ. ಫಜೀತಿಕಾರ ಕಳ್ಳ ಸರ್ವರ್ ಹೂಡಿ, ಚೀಟಿಯಲ್ಲಿ 4,29,49,67,295 ಎಂದು ಬರೆದು, ಡಬ್ಬಿಯಲ್ಲಿ ಹತ್ತು ಪೇಡೆ ಇಡುತ್ತಾನೆ. ಕರ್ನಲ್‌ನ ಎಲ್ಲೋ ಒಂದು ಸಾಲಿನಲ್ಲಿ ತಾಳೆ ನೋಡುವುದು ಮರೆತಿದ್ದರೆ ಮುಗಿಯಿತು. ಹತ್ತು ಪೇಡೆ ತಿಂದು, ಡಬ್ಬಿ ತಿಂದು, ಮೇಜು ತಿಂದು, ಪಕ್ಕದವನ ತಟ್ಟೆಗೆ ಕೈ ಹಾಕಿ, ಕೊನೆಗೆ ಬವಳಿ ಬಂದು ಬೀಳುತ್ತದೆ. ಇಷ್ಟು ಮುಗ್ಧತೆ ಯಾಕೆಂದರೆ, ಈ ವ್ಯವಸ್ಥೆ ಹುಟ್ಟಿದ ಕಾಲಕ್ಕೆ ಸರ್ವರ್ ಅಂದರೆ ಅದೇ ಕಚೇರಿಯ ಮೂಲೆಯಲ್ಲಿದ್ದ ಮನೆಯ ಹಿರಿಯ. ಹಿರಿಯರು ಕೊಟ್ಟ ಪೇಡೆಯನ್ನು ಯಾರಾದರೂ ಎಣಿಸುತ್ತಾರೆಯೆ?

ಬರೀ ಕಸ ಎಸೆದರೆ ಸಾಲದು. ಕೇಳಿದ ಪ್ರಶ್ನೆಯ ಗುರುತಿನ ಸಂಖ್ಯೆ ಉತ್ತರದಲ್ಲಿ ಇರದಿದ್ದರೆ ಕರ್ನಲ್ ಅದನ್ನು ಬಾಗಿಲಲ್ಲೇ ಬಿಸಾಡುತ್ತದೆ. ಹೀಗಾಗಿ ನುರಿತ ಫಜೀತಿಕಾರನ ಮಾದರಿ ಲಗ್ನದ ಮನೆಯ ಮೌಶಿ. ಆಕೆ ಹೆಸರು, ಓಣಿ, ಗೋತ್ರ ಎಲ್ಲ ಸರಿಯಾಗಿ ಹೇಳಿ ಒಳಗೆ ಬಂದು, "ನಿಮ್ಮ ಎರಡನೇ ಸೊಸಿ ತವರಮನಿಯಿಂದ ಬಂದ್ಲೇನ್ರಿ?" ಎನ್ನುತ್ತಾಳೆ. ಆ ಮನೆಯಲ್ಲಿ ಇರುವುದು ಒಬ್ಬನೇ ಮಗ. ಇಡೀ ಪಂಕ್ತಿ ಸ್ತಬ್ಧ. ಯಾವ ಪ್ರಶ್ನೆಗೆ ಹೊಸ ಬಾಗಿಲು ತೆರೆಯಿತೋ ಅದನ್ನು ನೆನಪಿಟ್ಟು, ಮುಂದಿನ ಲಗ್ನದಲ್ಲಿ ಅದನ್ನೇ ಸ್ವಲ್ಪ ತಿರುಚಿ ಕೇಳುತ್ತಾಳೆ. ಗೂಗಲ್‌ನ ಡ್ಮಿಟ್ರಿ ವ್ಯುಕೋವ್ 2015ರಲ್ಲಿ ಶುರುಮಾಡಿದ ಫಝ್ ಸಾಧನ 'ಸಿಝ್‌ಕಾಲರ್' ಕರ್ನಲ್‌ನ ಬಾಗಿಲುಗಳನ್ನು ಹಗಲೂ ರಾತ್ರಿ ಬಡಿಯುವುದು ಇದೇ ಉಪಾಯದಿಂದ. ಮೌಶಿಯ ಹೆಸರನ್ನು ಅವರು ಎಲ್ಲಿಯೂ ಸ್ಮರಿಸಿಲ್ಲ.

ಕ್ಷೇತ್ರಕಾರ್ಯವಿಲ್ಲದ ಪ್ರಬಂಧ ಪ್ರಬಂಧವೇ ಅಲ್ಲವಾದ್ದರಿಂದ, ಒಂದು ಸಂಜೆ ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ ಒಂದು ಗಿರಮಿಟ್ ಗಾಡಿಯನ್ನು ಫಜೀತಿಗೆ ಒಡ್ಡಿದೆ.

"ಮೈನಸ್ ಒಂದು ಪ್ಲೇಟ್ ಗಿರಮಿಟ್ ಕೊಡಪಾ."

"ಮೈನಸ್ ಅಂದ್ರ ನೀವ ನನಗ ಕೊಡಬೇಕಾತರಿ. ಎಲ್ಲೈತಿ, ತಗೀರಿ."

"ಹಂಗಾರ ಸೊನ್ನೆ ಪ್ಲೇಟ್."

"ಸ್ವಲ್ಪ ಬಾಜೂಕ ಸರದು ನಿಂದರ್ರಿ, ಹಿಂದ ಗಿರಾಕಿ ಅದಾರ."

ಕೊನೆಯ ಅಸ್ತ್ರ ಬಿಟ್ಟೆ: ನಾನ್ನೂರ ಇಪ್ಪತ್ತೊಂಬತ್ತು ಕೋಟಿ ಪ್ಲೇಟು. ಆತ ಉಳ್ಳಾಗಡ್ಡಿ ಹೆಚ್ಚುವುದನ್ನು ನಿಲ್ಲಿಸಲಿಲ್ಲ. "ಮಾಡೂಣ್ರಿ ಸರ. ಅಡ್ವಾನ್ಸ್ ಇಡ್ರಿ."

ಗಾಡಿ ಬೀಳಲಿಲ್ಲ, ಸ್ಟೋವು ಆರಲಿಲ್ಲ. ಸೋತು ಒಂದು ಪ್ಲೇಟ್ ಸಾಕೆಂದೆ. ಕೊಟ್ಟ, ರೊಕ್ಕ ಎರಡು ಸಲ ಎಣಿಸಿಕೊಂಡ ಮೇಲೆ.