ಮಾಪಾವತಾರ

ರಾಮನಿಗೆ ಬಿಲ್ಲು ಹೋಯಿತು, ಭೀಮನಿಗೆ ಗದೆ ಹೋಯಿತು, ಪರಶುರಾಮ ಕೊಡಲಿ ಎತ್ತಿಕೊಂಡ. ಧರ್ಮಸಂಸ್ಥಾಪನೆಗೆಂದು ಮೂಲೆಯಲ್ಲಿ ಉಳಿದಿದ್ದ ಆಯುಧ ಒಂದೇ, ನೆಲ ಒರೆಸುವ ಮಾಪು. 1984ರಲ್ಲಿ ಅಮೆರಿಕದ ಟ್ರೋಮಾ ಎಂಬ ಚಿತ್ರಸಂಸ್ಥೆ ಅದನ್ನೂ ಎತ್ತಿಕೊಂಡಿತು. ಚಿತ್ರದ ಹೆಸರು ‘ದಿ ಟಾಕ್ಸಿಕ್ ಅವೆಂಜರ್’. ತೆಗೆದವರು ಲಾಯ್ಡ್ ಕೌಫ್‌ಮನ್ ಮತ್ತು ಮೈಕೆಲ್ ಹರ್ಜ್, ಯೇಲ್ ವಿಶ್ವವಿದ್ಯಾಲಯದಲ್ಲಿ ಓದಿದವರು. ಓದಿದವರೇ ಹೀಗೆ ಮಾಡಿದರೆಂಬುದು ನನಗೆ ದೊಡ್ಡ ಧೈರ್ಯ. ಏಕೆಂದರೆ ಕಾಲೇಜಿನ ಮಕ್ಕಳಿಗೆ ಪಂಪ, ರನ್ನರನ್ನು ಪಾಠ ಹೇಳಿ ನಿವೃತ್ತಳಾದ ನನಗೆ ಈ ಲೋಕದಲ್ಲಿ ಅತ್ಯಂತ ಪ್ರಿಯವಾದ ಚಿತ್ರ ಇದೇ. ಸಾಹಿತ್ಯ ಸಮ್ಮೇಳನದ ಊಟದ ಸಾಲಿನಲ್ಲಿ ಯಾರಾದರೂ “ಮೇಡಂ, ನಿಮಗೆ ಇಷ್ಟದ ಚಿತ್ರ ಯಾವುದು?” ಎಂದರೆ ‘ಘಟಶ್ರಾದ್ಧ’ ಎನ್ನುತ್ತೇನೆ. ಅದು ಸುಳ್ಳಲ್ಲ. ಅರ್ಧ ಸತ್ಯ.

ಉಳಿದರ್ಧದ ಕಥೆ ಹೀಗೆ. ನ್ಯೂಜೆರ್ಸಿ ರಾಜ್ಯದಲ್ಲಿ ಟ್ರೋಮಾವಿಲ್ ಎಂಬ ಇಲ್ಲದ ಊರು. ಇಡೀ ಜಗತ್ತಿನ ವಿಷರಾಸಾಯನಿಕಗಳ ರಾಜಧಾನಿ ಎಂಬುದು ಅದರ ಬಿರುದು. ಅಲ್ಲಿನ ಜಿಮ್ಮಿನಲ್ಲಿ ನೆಲ ಒರೆಸುವ ಹುಡುಗ ಮೆಲ್ವಿನ್, ಉಸಿರು ಬಿಟ್ಟರೆ ಹಾರಿಹೋಗುವಷ್ಟು ಸಣಕಲ. ಪುಂಡರು ಹುಡುಗಿಯ ಆಸೆ ತೋರಿಸಿ ಅವನಿಗೆ ಗುಲಾಬಿ ಬಣ್ಣದ ಬ್ಯಾಲೆ ಲಂಗ ಉಡಿಸುತ್ತಾರೆ, ಕತ್ತಲಲ್ಲಿ ಒಂದು ಕುರಿಗೆ ಮುತ್ತು ಕೊಡಿಸುತ್ತಾರೆ. ದೀಪ ಹತ್ತುತ್ತದೆ. ಎಲ್ಲರೂ ಬಿದ್ದು ಬಿದ್ದು ನಗುತ್ತಾರೆ. ಹುಡುಗ ಓಡಿ ಕಿಟಕಿಯಿಂದಾಚೆ ಹಾರುತ್ತಾನೆ. ಕೆಳಗೆ ಲಾರಿ ನಿಂತಿದೆ, ಲಾರಿಯಲ್ಲಿ ವಿಷತ್ಯಾಜ್ಯದ ಡ್ರಮ್ಮು, ಡ್ರಮ್ಮಿಗೆ ಮುಚ್ಚಳವಿಲ್ಲ. ಮುಚ್ಚಳ ಏಕಿಲ್ಲ ಎಂದು ಕೇಳುವವರು ಈ ಪ್ರಬಂಧವನ್ನೂ ಇಲ್ಲಿಗೇ ಬಿಡಬಹುದು.

ಡ್ರಮ್ಮಿನಲ್ಲಿ ಬಿದ್ದ ಮೆಲ್ವಿನ್ ಎದ್ದು ಬರುವಾಗ ಮುಖವೆಲ್ಲ ಕರಗಿ, ಒಂದು ಕಣ್ಣು ಕೆನ್ನೆಗೆ ಜಾರಿ, ಮೈ ಮಾತ್ರ ಗರಡಿಯ ಪೈಲ್ವಾನನದಾಗಿರುತ್ತದೆ. ಲಂಗ ಹಾಗೇ ಇದೆ. ಕೈಯಲ್ಲಿ ಮಾಪು. ಊರಿನ ಪುಂಡರನ್ನು ಹಿಡಿದು ಚಚ್ಚುತ್ತಾನೆ, ಚಚ್ಚಿದ ಮೇಲೆ ಮುಖದ ಮೇಲೆ ಮಾಪಿಟ್ಟು ಹೋಗುತ್ತಾನೆ. ಅದು ಅವನ ಸಹಿ. ಎಲ್ಲ ಪಾಪದ ಮೂಲ ಊರಿನ ಮೇಯರ್ ಎಂದು ಕೊನೆಗೆ ತಿಳಿಯುತ್ತದೆ. ಅದು ನಮಗೆ ಮೊದಲೇ ಗೊತ್ತಿರುತ್ತದೆ, ನಾವೂ ನಗರಪಾಲಿಕೆಯ ವ್ಯಾಪ್ತಿಯಲ್ಲೇ ಬಾಳಿದವರಲ್ಲವೇ. ಹಸಿಹಸಿ ಹಿಂಸೆಯ ಕಡೆ ನಾನು ಸೆರಗು ಅಡ್ಡ ಹಿಡಿದು ನೋಡುತ್ತೇನೆ. ಸೆರಗು ತೆಳ್ಳಗಿರುತ್ತದೆ.

ನಮ್ಮವರು ಲೆಕ್ಕಪರಿಶೋಧನೆಯ ಇಲಾಖೆಯಿಂದ ನಿವೃತ್ತರಾದವರು. ಅವರ ಮನರಂಜನೆ ಸಂಜೆ ಒಂದು ಕಛೇರಿ ಸಂಗೀತ, ರಾತ್ರಿ ಒಂದು ಲೋಟ ಹಾಲು. ಪರದೆಯ ಮೇಲಿನ ಲಂಗದ ರಾಕ್ಷಸನನ್ನು ಮೊದಲ ಸಲ ಕಂಡಾಗ “ಇದೇನೇ ಇದು, ಯಾರ ಮನೆ ಹುಡುಗ?” ಎಂದು ಕೇಳಿ ಮಲಗಲು ಹೋದರು. ಅವರ ಮೇಲೆ ನನಗೆ ಕೋಪವಿಲ್ಲ. ಕೋಪ ಇರುವುದು ಮಗನ ಗೆಳೆಯರ ಮೇಲೆ. ಅವರು ಇಂಥ ಚಿತ್ರಗಳನ್ನು ನೋಡುತ್ತಾರೆ, ಆದರೆ ಹುಬ್ಬು ಮೇಲೆತ್ತಿ ನೋಡುತ್ತಾರೆ. ಕೆಟ್ಟದಾಗಿರುವುದೇ ಇದರ ಚೆಂದ ಅಂತೆ! ಬೀಗರ ಮನೆಯ ಉಪ್ಪಿಲ್ಲದ ಸಾರನ್ನು ಹೊಗಳುವ ಧಾಟಿ ಅದು. ಅಯ್ಯಾ, ನಾನು ಅವನನ್ನು ನೋಡಿ ನಗುತ್ತಿಲ್ಲ, ಅವನ ಪಕ್ಷದಲ್ಲಿ ನಿಂತು ನಗುತ್ತಿದ್ದೇನೆ. ನಗುವವರೆಲ್ಲ ಒಂದೇ ಕಡೆ ಕೂತಿರುವುದಿಲ್ಲ.

ಈ ಚಿತ್ರಗಳ ಸೊಗಸು ಅವುಗಳ ಬಡತನದಲ್ಲೇ ಇದೆ. ಟ್ರೋಮಾದವರು ‘ಸಾರ್ಜೆಂಟ್ ಕಬುಕಿಮನ್’ ಎಂಬ ಚಿತ್ರಕ್ಕಾಗಿ ಒಂದು ಕಾರನ್ನು ಗಾಳಿಯಲ್ಲಿ ಪಲ್ಟಿ ಹೊಡೆಸಿದರು. ದುಡ್ಡು ಸುರಿದು ತೆಗೆದ ಪಲ್ಟಿಯನ್ನು ಒಂದೇ ಚಿತ್ರಕ್ಕೆ ಬಳಸಿ ಎಸೆಯಲು ಅವರೇನು ಹಾಲಿವುಡ್ಡಿನವರೇ? ಮುಂದಿನ ಹಲವು ಚಿತ್ರಗಳಲ್ಲಿ ಅದೇ ಕಾರು ಅದೇ ಪಲ್ಟಿಯನ್ನು ಹೊಡೆಯಿತು. ಅಭಿಮಾನಿಗಳು ಈಗ ಅದಕ್ಕಾಗಿಯೇ ಕಾಯುತ್ತಾರೆ. ಕಾರು ಮೇಲೆದ್ದ ಕ್ಷಣ ನನಗೂ, ಹಳೆಯ ವಿದ್ಯಾರ್ಥಿ ಬಸ್‌ಸ್ಟ್ಯಾಂಡಿನಲ್ಲಿ ಎದುರಾದಷ್ಟು ಸಂತೋಷ.

ಉಗಾಂಡಾದ ಐಸಾಕ್ ನಬ್ವಾನಾ ಈ ವಿದ್ಯೆಯಲ್ಲಿ ಇನ್ನೊಂದು ಮೆಟ್ಟಿಲು ಮೇಲೆ. ಕಂಪಾಲಾ ನಗರದ ವಕಾಲಿಗಾ ಎಂಬ ಬಡ ಬಡಾವಣೆಯಲ್ಲಿ ಇಟ್ಟಿಗೆ ಮಾಡುತ್ತಿದ್ದ ಈ ಮನುಷ್ಯ 2010ರಲ್ಲಿ ‘ಹೂ ಕಿಲ್ಡ್ ಕ್ಯಾಪ್ಟನ್ ಅಲೆಕ್ಸ್?’ ತೆಗೆದ. ಬಂಡವಾಳ ಇನ್ನೂರು ಡಾಲರಿನ ಆಸುಪಾಸು ಎಂದು ಪ್ರತೀತಿ. ಬಂದೂಕುಗಳು ಗುಜರಿ ಕಬ್ಬಿಣದವು. ಮೊದಮೊದಲು ರಕ್ತಕ್ಕೆ ಹಸುವಿನ ರಕ್ತವನ್ನೇ ಬಳಸುತ್ತಿದ್ದರು. ನಟನೊಬ್ಬ ಕಾಯಿಲೆ ಬಿದ್ದ ಮೇಲೆ ಬಣ್ಣದ ನೀರು ತುಂಬಿದ ಕಾಂಡೋಮುಗಳು ಬಂದವು. ಕ್ಯಾಪ್ಟನ್ ಅಲೆಕ್ಸ್ ಬೇಗನೆ ಸಾಯುತ್ತಾನೆ. ಕುಂಗ್‌ಫು ಕಲಿತ ಸೋದರ ಸೇಡಿಗೆ ಹೊರಡುತ್ತಾನೆ. ಗುಂಡು, ಒದೆ, ಹೆಲಿಕಾಪ್ಟರು, ನಗರಕ್ಕೆ ಬೆಂಕಿ. ಕೊಂದವರು ಯಾರೆಂಬುದು ಕೊನೆಗೂ ತಿಳಿಯುವುದಿಲ್ಲ. ಹೆಸರಿನಲ್ಲಿ ಕೇಳಿದ ಪ್ರಶ್ನೆಯನ್ನು ಚಿತ್ರ ಗಡಿಬಿಡಿಯಲ್ಲಿ ಮರೆತುಬಿಟ್ಟಿದೆ. ಇದರ ಮೇಲೆ ಉಗಾಂಡಾದ ವಿಡಿಯೋ ಮಂದಿರಗಳ ಪದ್ಧತಿಯಂತೆ ವಿಜೆ ಎಮ್ಮಿ ಎಂಬಾತ ಚಿತ್ರದುದ್ದಕ್ಕೂ ಮಾತಾಡುತ್ತಾನೆ. ಹೀರೋನನ್ನು ಹುರಿದುಂಬಿಸುತ್ತಾನೆ, ಖಳರನ್ನು ಹಂಗಿಸುತ್ತಾನೆ, ಹೊಡೆದಾಟ ತಡವಾದರೆ ಈಗ ಬರುತ್ತದೆ ತಾಳಿ ಎಂದು ನಮ್ಮನ್ನೇ ಸಮಾಧಾನ ಮಾಡುತ್ತಾನೆ. ನೂರಾರು ಕೋಟಿಯ ಚಿತ್ರ ನನ್ನಿಂದ ನಂಬಿಕೆಯನ್ನು ಜಬರದಸ್ತಿಯಿಂದ ವಸೂಲಿ ಮಾಡುತ್ತದೆ. ಇವರು ‘ಇದೆಲ್ಲ ಸುಳ್ಳು ಕಣಮ್ಮಾ, ಬಾ ಕೂತ್ಕೋ’ ಎಂದು ಚಾಪೆ ಹಾಸುತ್ತಾರೆ. ಕರೆದವರ ಮನೆಗೆ ಹೋಗುವವಳು ನಾನು.

ಹೀಗೆ ರಾತ್ರಿಯೆಲ್ಲ ನ್ಯಾಯ ಕುಡಿದವಳಿಗೆ ಬೆಳಿಗ್ಗೆ ಅಮಲಿಳಿಯದಿದ್ದರೆ ಆಶ್ಚರ್ಯವೇನು? ನಮ್ಮ ಬೀದಿಯ ಮೂಲೆಯಲ್ಲಿ ಒಂದು ಖಾಲಿ ಸೈಟಿದೆ. ಅಲ್ಲಿಗೆ ದಿನಾ ನಸುಕಿನಲ್ಲಿ ಸ್ಕೂಟರಿನಲ್ಲಿ ಬರುವ ಒಬ್ಬ ಪುಣ್ಯಾತ್ಮ, ನಿಲ್ಲಿಸದೆ, ವೇಗವನ್ನೂ ಇಳಿಸದೆ, ಎಡಗೈಯಲ್ಲಿ ಕಸದ ಚೀಲ ಬೀಸಿ ಎಸೆದು ಹೋಗುತ್ತಿದ್ದ. ಅಷ್ಟರಲ್ಲಿ, 2025ರ ಅಕ್ಟೋಬರಿನಲ್ಲಿ, ಬೆಂಗಳೂರಿನ ಕಸದ ಆಡಳಿತವೇ ‘ಕಸ ಸುರಿಯುವ ಹಬ್ಬ’ ಶುರುಮಾಡಿತು. ಬೀದಿಯಲ್ಲಿ ಕಸ ಎಸೆದವರ ವಿಡಿಯೋ ತೆಗೆದು, ಮನೆ ಹುಡುಕಿ, ಅವರ ಬಾಗಿಲ ಮುಂದೆಯೇ ಕಸ ಸುರಿದು, ದಂಡದ ಚೀಟಿ ಕೊಡುವುದು. ಪತ್ರಿಕೆಯಲ್ಲಿ ಆ ಸುದ್ದಿ ಓದಿ ನನ್ನ ರೋಮ ನಿಮಿರಿತು. ಸರ್ಕಾರವೇ ಟ್ರೋಮಾ ಚಿತ್ರ ತೆಗೆಯಲು ಹೊರಟಿರುವಾಗ ಮನೆಯಲ್ಲಿ ಮಾಪಿರುವ ಹೆಂಗಸು ಕೈಕಟ್ಟಿ ಕೂರಬಹುದೇ?

ಆ ಮುಂಜಾನೆಯನ್ನು ಸಾವಕಾಶವಾಗಿಯೇ ಹೇಳಬೇಕು. ವೇಷ: ಸೀರೆ, ಮೇಲೆ ನಮ್ಮವರ ಸ್ವೆಟರು, ಗುರುತು ಸಿಗದಿರಲೆಂದು ಅವರದೇ ಮಂಕಿ ಕ್ಯಾಪು. ಆಯುಧ: ಕೋಲನ್ನು ಎಳೆದು ಉದ್ದ ಮಾಡಬಹುದಾದ, ತಲೆ ಗಿರಗಿರ ತಿರುಗುವ ಮಾಪು. ಅಡಗುತಾಣ: ಹೊಂಗೆ ಮರದ ಹಿಂದೆ. ಹೊಂಗೆ ಮರ ತೆಳ್ಳಗಿದೆ, ನಾನಿಲ್ಲ. ಮರದ ಎರಡೂ ಕಡೆಯಿಂದ ನಾನು ಸಮಪ್ರಮಾಣದಲ್ಲಿ ಕಾಣುತ್ತಿದ್ದೆ. ಹಾಲಿನವನು ನೋಡಿದ, “ಏನಮ್ಮಾ, ಕೀಲಿಕೈ ಬಿದ್ದೋಯ್ತಾ?” ಎಂದ. ಪೇಪರಿನ ಹುಡುಗ ನೋಡಿ ಸೈಕಲ್ಲಿನ ವೇಗ ಹೆಚ್ಚಿಸಿದ. ಬೀದಿನಾಯಿಗಳು ಬಂದು ಮಾಪಿನ ತಲೆಯನ್ನು ಮೂಸಿ, ಯಾರೋ ದೂರದ ನೆಂಟನೆಂದು ತೀರ್ಮಾನಿಸಿ, ಕಾಲ ಬಳಿ ಮಲಗಿದವು.

ದೂರದಲ್ಲಿ ಸ್ಕೂಟರಿನ ಸದ್ದು. ಕುಕ್ಕರಗಾಲಿನಲ್ಲಿ ಕೂತಿದ್ದ ನಾನು ಏಳತೊಡಗಿದೆ. ನಿರ್ದೇಶಕರು ಸ್ಲೋ ಮೋಷನ್ನಿಗೆ ಬೇರೆ ಕ್ಯಾಮೆರಾ ತರಿಸುತ್ತಾರೆ. ನನಗೆ ದೇವರು ಮಂಡಿಯಲ್ಲೇ ಆ ಸೌಲಭ್ಯ ಕೊಟ್ಟಿದ್ದಾನೆ. ಮೊದಲು ಬಲ ಮಂಡಿ ಲಟಕ್ ಎಂದಿತು. ನಾಯಿಗಳು ಕಿವಿ ನಿಮಿರಿಸಿದವು. ಎಡ ಮಂಡಿ ಅದಕ್ಕೆ ಉತ್ತರ ಕೊಟ್ಟಿತು. ಮಾಪನ್ನು ಊರಿ ಮೇಲೇಳುತ್ತಿದ್ದಂತೆ ಅದರ ಕೋಲು ಕರ್ರ್ ಎಂದು ತನ್ನೊಳಗೆ ತಾನೇ ಇಳಿದು ಅರ್ಧವಾಯಿತು, ಅದರ ಜೊತೆ ನಾನೂ ಇಳಿದೆ. ಮತ್ತೆ ಎಳೆದು ಉದ್ದ ಮಾಡಿದೆ, ಮತ್ತೆ ಎದ್ದೆ. ಸ್ಕೂಟರು ಬಂತು. ಎಡಗೈ ಮೇಲೆದ್ದಿತು. ಚೀಲ ಹಾರಿತು. ಅದು ಆಕಾಶದಲ್ಲಿ ಬಾಗುತ್ತಾ ಬರುತ್ತಿರುವಾಗಲೇ ನಾನು ರಸ್ತೆಯ ನಟ್ಟನಡುವೆ ಮಾಪು ಎತ್ತಿ ನಿಂತೆ, ಬಟ್ಟೆಯ ಜಡೆಗಳು ಗಿರಗಿರ ತಿರುಗಿದವು. ಸ್ಕೂಟರು ಕಿರ್ರೆಂದು ನಿಂತಿತು!

ಈಗ ಡೈಲಾಗು ಬೇಕು. ಹಿಂದಿನ ರಾತ್ರಿಯೇ ಯೋಚಿಸಿಟ್ಟಿದ್ದೆ, ರನ್ನನ ಭೀಮನೂ ತಲೆದೂಗುವಂಥದ್ದು. ಗಂಟಲಿನವರೆಗೆ ಬಂತು. ಮಂಕಿ ಕ್ಯಾಪಿನೊಳಗಿನಿಂದ ಹೊರಬಿದ್ದದ್ದು ಮಾತ್ರ ಇದು: “ಏನ್ರೀ, ಹಸಿ ಕಸ ಒಣ ಕಸ ಬೇರೆ ಮಾಡಿದ್ದೀರಾ?”

ಅವನು ಹೆಲ್ಮೆಟ್ಟಿನ ಗಾಜು ಮೇಲೆತ್ತಿದ. ಚಿಕ್ಕ ವಯಸ್ಸು, ಒಳ್ಳೆಯ ಮನೆತನದ ಕಳೆ.

“ಮಾಡಿದ್ದೀನಿ ಆಂಟಿ,” ಎಂದು ವಿನಯದಿಂದ ಹೇಳಿ ಪಕ್ಕದಿಂದ ಹೊರಟುಹೋದ.

ಚೀಲ ಬಿಚ್ಚಿ ನೋಡಿದೆ. ನಿಜಕ್ಕೂ ಬೇರೆ ಮಾಡಿದ್ದ.

ಇಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ಎದುರುಮನೆಯ ಕ್ಯಾಮೆರಾದಲ್ಲಿ ಇದೆಲ್ಲ ದಾಖಲಾಗಿ ಬಡಾವಣೆಯ ವಾಟ್ಸಾಪ್ ಗುಂಪಿಗೆ ಬಂತು. ಮೊದಲು ನಗುವಿನ ಮುಖಗಳು ಬಂದವು. ಆಮೇಲೆ ಚಪ್ಪಾಳೆ. ಮಧ್ಯಾಹ್ನದ ಹೊತ್ತಿಗೆ ದನಿ ಬದಲಾಯಿತು. ‘ನಾಳೆ ನಾವೂ ಬರ್ತೀವಿ ಮೇಡಂ.’ ‘ಕಂಬಕ್ಕೆ ಕಟ್ಟಿ ನಾಲ್ಕು ಬಾರಿಸೋಣ.’ ‘ಈ ಕಡೆಯೋನಲ್ಲ ಅನ್ಸುತ್ತೆ, ಎಲ್ಲಿಂದ ಬಂದಿದಾನೆ ವಿಚಾರಿಸಿ.’ ಬರೆದವರು ಪುಂಡರಲ್ಲ. ಗಣೇಶನ ಹಬ್ಬಕ್ಕೆ ನಮ್ಮ ಮನೆಗೆ ಕಡುಬು ಕೊಟ್ಟು ಕಳಿಸುವವರು.

2018ರ ಮೇ ತಿಂಗಳಲ್ಲಿ ಇದೇ ಬೆಂಗಳೂರಿನ ಚಾಮರಾಜಪೇಟೆಯಲ್ಲಿ, ಮಕ್ಕಳ ಕಳ್ಳರು ಬಂದಿದ್ದಾರೆಂಬ ಮೊಬೈಲ್ ಸುದ್ದಿ ನಂಬಿದ ಜನ, ರಾಜಸ್ಥಾನದಿಂದ ದುಡಿಯಲು ಬಂದಿದ್ದ ಯುವಕನೊಬ್ಬನನ್ನು ಕಟ್ಟಿ ಹೊಡೆದು ಕೊಂದರು. ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಮತ್ತೊಬ್ಬ ಸತ್ತ, ಹೈದರಾಬಾದಿನ ಎಂಜಿನಿಯರ್. ಅವನ ಗುಂಪು ಮಕ್ಕಳಿಗೆ ಚಾಕೊಲೇಟ್ ಕೊಟ್ಟಿತ್ತು, ಅಷ್ಟೇ. ಹೊಡೆದವರಲ್ಲಿ ಪ್ರತಿಯೊಬ್ಬನೂ ತನ್ನ ತಲೆಯೊಳಗಿನ ಚಿತ್ರಕ್ಕೆ ತಾನೇ ಹೀರೋ ಆಗಿದ್ದಿರಬೇಕು.

ಅಗ್ಗದ ಚಿತ್ರದಲ್ಲಿ ಒಬ್ಬನು ಐವತ್ತು ಜನರನ್ನು ಹೊಡೆಯುತ್ತಾನೆ. ಬೀದಿಯಲ್ಲಿ ಐವತ್ತು ಜನ ಒಬ್ಬನನ್ನು ಹೊಡೆಯುತ್ತಾರೆ. ಚಿತ್ರದವನು ಒಂಟಿ, ಏಕೆಂದರೆ ಅವನ ಬೆನ್ನಿಗೆ ಇನ್ನಷ್ಟು ಜನರನ್ನು ನಿಲ್ಲಿಸಿ ಕೂಲಿ ಕೊಡಲು ನಿರ್ಮಾಪಕನ ಬಳಿ ಕಾಸಿಲ್ಲ. ಬೀದಿಯಲ್ಲಿ ಗುಂಪು ಪುಕ್ಕಟೆ ಸಿಗುತ್ತದೆ. ನಾನು ಗುಂಪಿನಲ್ಲಿ ‘ಯಾರೂ ಬರಬೇಡಿ, ಅವರು ನಮ್ಮ ನೆಂಟರು’ ಎಂದು ಬರೆದೆ. ಆ ಹುಡುಗ ಮತ್ತೆ ಬರಲಿಲ್ಲ, ಬಹುಶಃ ಬೇರೆ ಸೈಟು ನೋಡಿಕೊಂಡ. ಮಾಪು ಹಜಾರದ ನೆಲಕ್ಕೆ ಮರಳಿತು. ಕೆಲಸದಾಕೆ “ಕೋಲು ಯಾರಮ್ಮಾ ಹಾಳು ಮಾಡಿದ್ದು?” ಎಂದು ಕೇಳಿದಾಗ ನಮ್ಮವರ ಕಡೆ ಕೈ ತೋರಿಸಿದೆ.

ಆದರೂ ಚಿತ್ರ ನೋಡುವುದು ನಿಲ್ಲಲಿಲ್ಲ. ನನಗಿನ್ನೂ ನ್ಯಾಯದ ಹಸಿವಿದೆ, ಹಸಿವನ್ನು ರಬ್ಬರ್ ಮುಖದವನ ಮೇಲೆ ತೀರಿಸಿಕೊಂಡರೆ ಯಾರಿಗೂ ಪೆಟ್ಟಾಗುವುದಿಲ್ಲ. ಅದೇ ಹೊತ್ತಿಗೆ ಹೊಸ ಟಾಕ್ಸಿಕ್ ಅವೆಂಜರನ ಸುದ್ದಿಯೂ ಸಿಕ್ಕಿತು. ಪೀಟರ್ ಡಿಂಕ್ಲೇಜ್ ನಟಿಸಿದ ಆ ಚಿತ್ರ 2023ರಲ್ಲೇ ಸಿದ್ಧವಾಗಿ, ಕೊಳ್ಳುವವರಿಲ್ಲದೆ ಕೂತು, 2025ರ ಆಗಸ್ಟಿನಲ್ಲಿ ತೆರೆಗೆ ಬಂತು. ಇದರಲ್ಲೂ ನಾಯಕ ನೆಲ ಒರೆಸುವವನೇ. ಪ್ರಾಣಾಂತಿಕ ಕಾಯಿಲೆ ಬರುತ್ತದೆ, ಚಿಕಿತ್ಸೆಯ ಖರ್ಚಿಗೆ ವಿಮೆ ಒದಗುವುದಿಲ್ಲ. ಬಿಡುಗಡೆಯ ಹೊತ್ತಿಗೆ ವಿತರಕರು, ಆಸ್ಪತ್ರೆ ಸಾಲ ತೀರಿಸುವ ಒಂದು ಸೇವಾಸಂಸ್ಥೆಯ ಜೊತೆ ಸೇರಿ, ಕನಿಷ್ಠ 50 ಲಕ್ಷ ಡಾಲರಿನಷ್ಟು ಬಡಜನರ ಸಾಲವನ್ನು ಅಳಿಸುವುದಾಗಿ ಘೋಷಿಸಿದರು.

ಊಟದ ಹೊತ್ತಿನಲ್ಲಿ ಇದನ್ನು ಹೇಳಿದಾಗ ನಮ್ಮವರು ತಲೆ ಎತ್ತಿದರು. “50 ಲಕ್ಷ ಡಾಲರ್? ಆ ಲಂಗದವನ ಹತ್ರ ಅಷ್ಟು ದುಡ್ಡೆಲ್ಲಿದೆಯೇ?”

ವಿವರಿಸಿದೆ. ವಸೂಲಾಗದ ಹಳೆಯ ಸಾಲಗಳನ್ನು ಅಲ್ಲಿ ಕಂತೆ ಕಟ್ಟಿ ಮೂರು ಕಾಸಿಗೆ ಮಾರುತ್ತಾರೆ. ವಸೂಲಿ ಏಜೆಂಟರು ಕೊಂಡು ಜನರನ್ನು ಕಾಡುತ್ತಾರೆ. ಈ ಸಂಸ್ಥೆಯೂ ಹಾಗೇ ಕೊಳ್ಳುತ್ತದೆ, ಕೊಂಡು ಹರಿದು ಹಾಕುತ್ತದೆ. ಸುಮಾರು ನೂರು ಡಾಲರಿನ ಸಾಲ ಒಂದು ಡಾಲರಿಗೆ ಸಿಗುತ್ತದೆ.

“ಒಂದಕ್ಕೆ ನೂರು!” ನಮ್ಮವರ ಕಣ್ಣಲ್ಲಿ ಇಷ್ಟು ವರ್ಷ ನನ್ನ ಸಾಹಿತ್ಯಕ್ಕೂ ಕಾಣದ ಬೆಳಕು. ಅವರ ಕಣ್ಣಿನ ಪೊರೆಯ ಆಪರೇಷನ್ನಿನ ಕ್ಲೇಮನ್ನು ಒಂದು ವಿಮಾ ಕಂಪನಿ ಕಾರಣ ಹೇಳದೆ ತಿರಸ್ಕರಿಸಿತ್ತು, ಆ ಗಾಯ ಇನ್ನೂ ಹಸಿಯಾಗಿತ್ತು. ಕೈ ತೊಳೆದು ಬಂದು ಸೋಫಾದ ಮೇಲೆ ಕೂತರು. “ಹಾಕು ಅದನ್ನ. ಮೊದಲಿಂದ ಹಾಕು.”

ಹಳೆಯದನ್ನೇ ಹಾಕಿದೆ. ಕುರಿಗೆ ಮುತ್ತು ಕೊಡುವಾಗ ಮುಖ ಸಿಂಡರಿಸಿದರು. ಡ್ರಮ್ಮಿಗೆ ಮುಚ್ಚಳವಿಲ್ಲದ್ದು ಕಂಡು “ಇದಕ್ಕೆ ಆಡಿಟ್ ಆಕ್ಷೇಪಣೆ ಹಾಕ್ಬೇಕು” ಎಂದರು. ಮೇಯರ್ ಬರುವ ಹೊತ್ತಿಗೆ ಹಾಲಿನ ಲೋಟದ ಮೇಲೆ ಕೆನೆ ಕಟ್ಟಿತ್ತು. ಆರುವ ಮೊದಲು ಕುಡಿಯಿರಿ ಎಂದು ನಾನು ಚಿತ್ರವನ್ನು ತಡೆದು ನಿಲ್ಲಿಸಿದರೆ ಸಿಡುಕಿದರು: “ಅದ್ಯಾಕೆ ನಿಲ್ಲಿಸ್ತೀಯೇ? ಅವನಿಗೆ ಇನ್ನೂ ಒಂದು ಏಟೂ ಬಿದ್ದಿಲ್ಲ!”