ಇಲ್ಲದ ರಜೆಯ ಪೂರ್ವರಂಗ: ಕಾಫಿ ಸೀಮೆಯ ಶಾಲಾ ಡಿಸೆಂಬರ್ ಕುರಿತ ಒಂದು ಮಹಾಪ್ರಬಂಧದ ಸಾರಸಂಗ್ರಹ

ಪೀಠಿಕೆ

ಚಳಿಗಾಲದ ರಜೆ ಎಂಬ ಪದಾರ್ಥ ಕರ್ನಾಟಕದ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಇಲ್ಲ. ದಸರಾ ರಜೆ ಇದೆ, ಬೇಸಿಗೆ ರಜೆ ಇದೆ. ಡಿಸೆಂಬರಿನಲ್ಲಿ ಭಾನುವಾರಗಳನ್ನು ಬಿಟ್ಟರೆ ನೆಚ್ಚಿಕೊಳ್ಳಬಹುದಾದದ್ದು 25ನೇ ತಾರೀಖಿನ ಕ್ರಿಸ್‌ಮಸ್ ಒಂದೇ. ಇಲ್ಲದ ವಸ್ತುವಿನ ಮೇಲೆ ಪ್ರಬಂಧ ಬರೆಯಬಹುದೇ ಎಂದು ಪೂರ್ವಪಕ್ಷದವರು ಕೇಳುತ್ತಾರೆ. ಧಾರಾಳವಾಗಿ ಬರೆಯಬಹುದು. ಮೊಲದ ಕೊಂಬಿನ ವಿಚಾರದಲ್ಲಿ ನಮ್ಮ ತಾರ್ಕಿಕರು ಶತಮಾನಗಟ್ಟಲೆ ವಾದ ಮಾಡಿದ್ದಾರೆ, ಯಾರೂ ಅವರ ಸಂಬಳ ತಡೆಹಿಡಿದದ್ದಿಲ್ಲ. ಅಲ್ಲದೆ ಇರುವ ವಸ್ತುಗಳ ಮೇಲಿನ ಪ್ರಬಂಧಗಳೆಲ್ಲ ಮುಗಿದುಹೋಗಿ, ಈಗ ಪಿಎಚ್‌ಡಿ ಮಾಡುವವರು ಇಲ್ಲದ್ದನ್ನೇ ಹುಡುಕಿಕೊಳ್ಳಬೇಕಾದ ಕಾಲ ಬಂದಿದೆ.

ನಮ್ಮ ಪ್ರಮೇಯ ಇಷ್ಟು: ಚಿಕ್ಕಮಗಳೂರು, ಮೂಡಿಗೆರೆ, ಕಳಸ ತಾಲ್ಲೂಕುಗಳ ಕಾಫಿ ಗುಡ್ಡಗಳಲ್ಲಿ ಈ ಇಲ್ಲದ ರಜೆ ಇದ್ದೇ ಇದೆ. ಅದನ್ನು ಘೋಷಿಸುವವರು ಶಿಕ್ಷಣ ಇಲಾಖೆಯವರಲ್ಲ, ಅರೇಬಿಕಾ ಹಣ್ಣಿನವರು. ಆ ರಜೆ ತೆಗೆದುಕೊಳ್ಳುವವರು ಕೂಡ ಮಕ್ಕಳಲ್ಲ, ತಂದೆತಾಯಿಗಳು. ಶಾಲೆಯ ಸಭೆಗಳಿಂದ, ಶಾಲೆಯ ನೋಟಿಸುಗಳಿಂದ, ಸಹಿ ಹಾಕಬೇಕಾದ ಪ್ರಗತಿ ಪತ್ರಗಳಿಂದ ಅವರು ಸಾಮೂಹಿಕವಾಗಿ ರಜೆಯ ಮೇಲೆ ತೆರಳುತ್ತಾರೆ. ಇದಕ್ಕೆ ವರದಿಗಳಲ್ಲಿ ‘ಪೋಷಕರ ನಿರಾಸಕ್ತಿ’ ಎಂದು ಬರೆಯುವ ಸಂಪ್ರದಾಯವಿದೆ. ಆ ಸಂಪ್ರದಾಯವನ್ನು ಖಂಡಿಸುವುದೇ ಈ ಪ್ರಬಂಧದ ಉದ್ದೇಶ.

ಅಧ್ಯಾಯ 1: ರಜೆಯ ಸಸ್ಯಶಾಸ್ತ್ರ

ಹದಿನೇಳನೆಯ ಶತಮಾನದಲ್ಲಿ ಬಾಬಾಬುಡನ್ ಅವರು ಯೆಮನ್ ಕಡೆಯಿಂದ ಏಳು ಕಾಫಿ ಬೀಜ ತಂದು ಚಂದ್ರದ್ರೋಣ ಬೆಟ್ಟದಲ್ಲಿ ನೆಟ್ಟರೆಂಬುದು ಪ್ರತೀತಿ. ಅವುಗಳ ಜೊತೆಗೆ ಡಿಸೆಂಬರ್ ತಿಂಗಳ ಗೈರುಹಾಜರಿಯೂ ಬಂತೆಂಬುದನ್ನು ಇತಿಹಾಸಕಾರರು ಗಮನಿಸಿಲ್ಲ.

ಕಾರ್ಯಕಾರಣ ಸಂಬಂಧ ಹೀಗಿದೆ. ಮಾರ್ಚ್-ಏಪ್ರಿಲ್‌ನಲ್ಲಿ ಒಂದು ಹದವಾದ ಹೂಮಳೆ ಬೀಳಬೇಕು. ಬಿದ್ದು ವಾರ ಹತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗೆ ಹೂ. ಅರೇಬಿಕಾ ಆದರೆ ಅಲ್ಲಿಂದ ಎಂಟೊಂಬತ್ತು ತಿಂಗಳಿಗೆ ಹಣ್ಣು, ರೊಬಸ್ಟಾ ಆದರೆ ಇನ್ನೂ ಒಂದೆರಡು ತಿಂಗಳು ಹೆಚ್ಚು. ಆದ್ದರಿಂದ ಡಿಸೆಂಬರ್ ಮೂರನೆಯ ವಾರದ ಪೋಷಕರ ಸಭೆಗೆ ಎಷ್ಟು ಜನ ಬರುತ್ತಾರೆಂಬುದನ್ನು ಯುಗಾದಿಯ ದಿನವೇ, ಪಂಚಾಂಗ ಶ್ರವಣದ ಜೊತೆಗೇ, ಹೇಳಿಬಿಡಬಹುದು. ಮಳೆ ಚೆನ್ನಾಗಿ ಬಿದ್ದ ವರ್ಷ ಫಸಲು ಜಾಸ್ತಿ, ಸಭೆಗೆ ಜನ ಕಮ್ಮಿ.

ಇನ್ನು ಹಣ್ಣಾದ ಅರೇಬಿಕಾದ ಸ್ವಭಾವ. ಅದು ಕಾಯುವುದಿಲ್ಲ. ಗಿಡದಲ್ಲೇ ಬಿಟ್ಟರೆ ಉದುರುತ್ತದೆ. ಕುಯ್ದದ್ದನ್ನು ಅವತ್ತೇ ಪಲ್ಪರ್‌ಗೆ ಹಾಕದಿದ್ದರೆ ಹುಳಿ ಬರುತ್ತದೆ. ಪಲ್ಪ್ ಮಾಡಿ ಕಣದಲ್ಲಿ ಹರವಿದ ಮೇಲೆ ಒಂದು ಅಕಾಲ ಮಳೆ ಹೊಡೆದರೆ ವರ್ಷದ ದುಡಿಮೆ ನೀರುಪಾಲು. ಪ್ರಗತಿ ಪತ್ರಕ್ಕೆ ಈ ಯಾವ ಕಾಯಿಲೆಯೂ ಇಲ್ಲ. ಬೀರುವಿನಲ್ಲಿಟ್ಟರೆ ಎಷ್ಟು ದಿನ ಬೇಕಾದರೂ ಕೆಡದೆ ಇರುತ್ತದೆ. ಕೆಡುವ ವಸ್ತುವಿಗೆ ಮೊದಲ ಪ್ರಾಶಸ್ತ್ಯ ಎಂಬುದು ಅಡುಗೆಮನೆಯಲ್ಲಿ ಸಿದ್ಧಾಂತವಾದರೆ ಶಾಲೆಯಲ್ಲಿ ಹೇಗೆ ನಿರಾಸಕ್ತಿಯಾಗುತ್ತದೆ?

ಬೇರೆ ದೇಶಗಳಲ್ಲಿ ಬೆಳೆಗೆ ಮರ್ಯಾದೆ ಇತ್ತು. ಸ್ಕಾಟ್ಲೆಂಡಿನಲ್ಲಿ ಆಲೂಗಡ್ಡೆ ಕೀಳುವ ಕಾಲಕ್ಕೆಂದು ಅಕ್ಟೋಬರಿನಲ್ಲಿ ಶಾಲೆಗೆ ರಜೆ ಕೊಡುತ್ತಿದ್ದರು. ಕೀಳುವ ಕೆಲಸ ಯಂತ್ರದ ಪಾಲಾದರೂ ಆ ರಜೆಯನ್ನು ಜನ ಇವತ್ತಿಗೂ ಆಲೂಗಡ್ಡೆಯ ಹೆಸರಿನಲ್ಲೇ ಕರೆಯುತ್ತಾರೆ. ಕಾಶ್ಮೀರದಲ್ಲಿ ಹಿಮಕ್ಕೆ ರಜೆ. ನಮ್ಮಲ್ಲಿ ಮಳೆಗೆ ರಜೆ: ಜುಲೈ-ಆಗಸ್ಟ್‌ನಲ್ಲಿ ಹಳ್ಳ ಉಕ್ಕಿ, ಮರ ಬಿದ್ದು, ಹಿಂದಿನ ರಾತ್ರಿ ಆದೇಶ ಹೊರಡುತ್ತದೆ. ಆದರೆ ಈ ಮಳೆ ರಜೆ ದಾನವಲ್ಲ, ಸಾಲ. ಮುಂದೆ ಶನಿವಾರಗಳಲ್ಲಿ ಇಡೀ ದಿನ ಪಾಠ ಮಾಡಿ ತೀರಿಸಬೇಕು. ಶಿಕ್ಷಣ ಹಕ್ಕು ಕಾಯ್ದೆ ಐದನೆಯ ತರಗತಿಯವರೆಗೆ ವರ್ಷಕ್ಕೆ ಕನಿಷ್ಠ 200 ದಿನ, ಆರರಿಂದ ಎಂಟಕ್ಕೆ 220 ದಿನ ಶಾಲೆ ನಡೆಯಬೇಕೆನ್ನುತ್ತದೆ. ಹೀಗಾಗಿ ಆಷಾಢದಲ್ಲಿ ಬಿದ್ದ ಮಳೆಯ ಬಾಕಿಯನ್ನು ಮಗು ಮಾರ್ಗಶಿರದ ಬಿಸಿಲಿನಲ್ಲಿ ಕೂತು ಕಟ್ಟುತ್ತದೆ.

ಅಧ್ಯಾಯ 2: ಸಭೆ

2001ರಿಂದ ಕರ್ನಾಟಕದ ಪ್ರತಿ ಸರ್ಕಾರಿ ಶಾಲೆಗೂ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ ಇದೆ. ಪೂರ್ತಿ ಹೆಸರು ಹೇಳಿ ಮುಗಿಸುವುದರೊಳಗೆ ಒಂದು ಬುಟ್ಟಿ ಹಣ್ಣು ಕುಯ್ಯಬಹುದಾದ್ದರಿಂದ ಜನ ಎಸ್‌ಡಿಎಂಸಿ ಎನ್ನುತ್ತಾರೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 21ನೇ ಕಲಮಿನ ಪ್ರಕಾರ ಇಂಥ ಸಮಿತಿಯಲ್ಲಿ ಮುಕ್ಕಾಲು ಪಾಲು ತಂದೆತಾಯಿ ಅಥವಾ ಪೋಷಕರಿರಬೇಕು, ಅರ್ಧ ಪಾಲು ಹೆಂಗಸರಿರಬೇಕು. ಕಾನೂನು ಬರೆದವರ ಮನಸ್ಸು ದೊಡ್ಡದು, ಒಪ್ಪೋಣ. ಸಭೆ ಎಷ್ಟು ಗಂಟೆಗೆ ಎಂದು ಮಾತ್ರ ಅವರು ಬರೆಯಲಿಲ್ಲ. ಅದನ್ನು ಬರೆಯುವವರು ಬೆಳಿಗ್ಗೆ ಹನ್ನೊಂದಕ್ಕೆ ಎಂದು ಬರೆಯುತ್ತಾರೆ.

ಹನ್ನೊಂದು ಗಂಟೆ ಎಂದರೆ ತೋಟದಲ್ಲಿ ಮಂಜು ಆರಿ, ಕೈ ಬೆಚ್ಚಗಾಗಿ, ಕುಯ್ಲು ಓಟ ಹಿಡಿಯುವ ಹೊತ್ತು. ಕೆ.ಜಿ. ಲೆಕ್ಕದಲ್ಲಿ ಕುಯ್ಯುವವರಿಗೆ ಆ ಎರಡು ತಾಸು ಬಿಟ್ಟರೆ ದಿನದ ದುಡ್ಡೇ ಬಿಟ್ಟಂತೆ. ಸಣ್ಣ ಹಿಡುವಳಿದಾರನ ಪಾಡೂ ಬೇರೆಯಲ್ಲ. ಆಳು ಸಿಕ್ಕಿದ ದಿನ ಬಿಟ್ಟರೆ ನಾಳೆ ಆ ಆಳು ಪಕ್ಕದ ತೋಟದಲ್ಲಿರುತ್ತಾನೆ.

ಕ್ಷೇತ್ರಕಾರ್ಯದ ಒಂದು ದೃಶ್ಯವನ್ನು ಇಲ್ಲಿ ದಾಖಲಿಸುವುದು ಅಗತ್ಯ. ಸಭೆಗೆ ಬಂದ ತಾಯಿಯೊಬ್ಬರು ತೋಟದಿಂದ ನೇರ ಬಂದಿದ್ದರು. ಸೀರೆಯ ಮೇಲೆ ಗಂಡನ ಹಳೇ ತುಂಬುತೋಳಿನ ಅಂಗಿ, ತಲೆಗೆ ಬಿಗಿದ ಟವೆಲು. ಕೈಬೆರಳೆಲ್ಲ ಕಾಫಿಯ ಅಂಟು ಹಿಡಿದು ಕಪ್ಪಾಗಿತ್ತು. ಮುಖ್ಯ ಶಿಕ್ಷಕರು ರಿಜಿಸ್ಟರ್ ಮುಂದೆ ಸರಿಸಿ, “ಯಾಕಮ್ಮ, ಹೋದ ಸಲದ ಸಭೆಗೂ ಬರ್ಲಿಲ್ಲ?” ಎಂದರು.

“ಹಣ್ಣು ಉದುರ್ತಾ ಇತ್ತು ಮೇಸ್ಟ್ರೆ.”

“ಮಗನ ಓದೂ ಮುಖ್ಯ ಅಲ್ವೇನಮ್ಮ?”

“ಅವ್ನು ಉದ್ರಲ್ಲ ಬಿಡಿ, ನೀವಿದ್ದೀರಲ್ಲ.”

ಇಷ್ಟು ಹೇಳಿ ಸಹಿಗೆ ಬಗ್ಗಿದಾಗ ಟವೆಲಿನಿಂದ ಒಂದು ಚಗಳಿ ಇರುವೆ ರಿಜಿಸ್ಟರಿನ ಮೇಲೆ ಬಿತ್ತು. ಕಾಫಿ ಗಿಡದ ಎಲೆ ಹೊಲಿದು ಗೂಡು ಕಟ್ಟುವ ಈ ಕೆಂಪಿರುವೆಯ ಚಟ್ನಿ ಮಲೆನಾಡಿನಲ್ಲಿ ಖ್ಯಾತವಾದದ್ದು. ಅದರ ಕಡಿತ ಅದಕ್ಕಿಂತ ಖ್ಯಾತ. ಇರುವೆ ‘ಹಾಜರಿದ್ದ ಸದಸ್ಯರು’ ಎಂಬ ಅಂಕಣವನ್ನು ದಾಟಿ ಮುಖ್ಯ ಶಿಕ್ಷಕರ ಮಣಿಕಟ್ಟಿಗೆ ಹತ್ತಿತು. ನಡಾವಳಿಯಲ್ಲಿ ಮುಂದಿನ ಭಾಗ ದಾಖಲಾಗಿಲ್ಲ. ಸಭೆ ಅಲ್ಲಿಗೆ ವಂದನಾರ್ಪಣೆಯಿಲ್ಲದೆ ಮುಗಿಯಿತೆಂದು ಮಾತ್ರ ಮೌಖಿಕ ಆಕರಗಳಿಂದ ತಿಳಿದುಬರುತ್ತದೆ.

ಅಧ್ಯಾಯ 3: ಪೂರ್ವ ಸಾಹಿತ್ಯ ಸಮೀಕ್ಷೆ

ಸಾಹಿತ್ಯ ಸಮೀಕ್ಷೆಗೆಂದು ಹೋದ ದಿನ ಗ್ರಂಥಾಲಯ ನೋಡಿಕೊಳ್ಳುವವರು ಕುಯ್ಲಿಗೆ ಹೋಗಿದ್ದರು.

ಅಧ್ಯಾಯ 4: ಸ್ಕೂಲ್ ಡೇ ಅಥವಾ ನಿರಾಸಕ್ತರ ರಾತ್ರಿ

ಹನ್ನೊಂದು ಗಂಟೆಯ ಸಭೆಗೆ ಬಾರದ ಅದೇ ಜನ ಶಾಲಾ ವಾರ್ಷಿಕೋತ್ಸವದ ರಾತ್ರಿ ಏಳಕ್ಕೆ ಮೈದಾನದಲ್ಲಿ ಕಾಲಿಡಲು ಜಾಗವಿಲ್ಲದಂತೆ ಸೇರುತ್ತಾರೆ. ಜೀಪು, ಪಿಕಪ್, ತೋಟದ ಟ್ರ್ಯಾಕ್ಟರು. ಅಜ್ಜಿಯರು ಕಂಬಳಿ ಹೊದ್ದು ಮುಂದಿನ ಸಾಲು ಹಿಡಿಯುತ್ತಾರೆ. ತೋಟದ ಕೂಲಿಯವರು ಇರುವ ಲೈನ್ ಮನೆಗಳವರು ಕೈಕಾಲು ತೊಳೆದು, ಒಳ್ಳೇ ಸೀರೆ ಉಟ್ಟು, ಟಾರ್ಚ್ ಹಿಡಿದು ಗುಂಪಾಗಿ ಬರುತ್ತಾರೆ. ಒಂಟಿಯಾಗಿ ಬರುವಂತಿಲ್ಲ, ದಾರಿಯಲ್ಲಿ ಆನೆ. ನಿರಾಸಕ್ತಿಯ ಸಿದ್ಧಾಂತಿಗಳು ಈ ರಾತ್ರಿಯನ್ನು ತಮ್ಮ ಅಂಕಿಅಂಶಗಳಲ್ಲಿ ಎಲ್ಲಿ ಸೇರಿಸುತ್ತಾರೆಂದು ಹುಡುಕಿದೆವು. ‘ಸಾಂಸ್ಕೃತಿಕ’ ಎಂಬ ಕಾಲಮ್ಮಿನಲ್ಲಿ ಸೇರಿಸುತ್ತಾರೆ. ಪೋಷಕರ ಪಾಲ್ಗೊಳ್ಳುವಿಕೆ ಬೇರೆ ಕಾಲಮ್ಮು.

ಈ ಉತ್ಸವ ಎಲ್ಲಿಂದ ಬರುತ್ತದೆ? ಮೂರು ವಾರ ಮುಂಚೆಯಿಂದ ಊರಿನೊಳಗಿಂದ ಬರುತ್ತದೆ. ಒಂದು ಮನೆಯಿಂದ ತೆಂಗಿನಕಾಯಿ, ಒಂದು ಮನೆಯಿಂದ ಬಾಳೆಎಲೆ, ಇನ್ನೊಂದರಿಂದ ಅಕ್ಕಿ, ದೇವಸ್ಥಾನಕ್ಕೆ ಕೊಡುವ ಹೊರೆಕಾಣಿಕೆಯ ಕ್ರಮದಲ್ಲೇ. ಎಸ್ಟೇಟಿನ ಸಾಹುಕಾರರು ಜನರೇಟರ್ ಕೊಡುತ್ತಾರೆ, ಏಕೆಂದರೆ ಮೊದಲ ಡ್ಯಾನ್ಸಿನ ಎರಡನೇ ಚರಣಕ್ಕೆ ಕರೆಂಟು ಹೋಗಲೇಬೇಕೆಂಬ ನಿಯಮವಿದೆ. ಕಾಫಿ ಒಣಗಿಸುವ ಟಾರ್ಪಾಲು ಸ್ಟೇಜಿನ ಹಿಂಬದಿಗೆ ಬರುತ್ತದೆ. ಪರದೆ ಯಾರದೋ ಮದುವೆಯ ಸೀರೆ. ಋಷಿಯ ಗಡ್ಡಕ್ಕೆ ದಿಂಬಿನ ಹತ್ತಿ. ಬಿಸಿಯೂಟದ ಅಡುಗೆಯವರು ಅವತ್ತು ಎರಡು ಹೊತ್ತು ಬೇಯಿಸುತ್ತಾರೆ; ರಾತ್ರಿಯ ಪಲಾವಿಗೆ ಅವರಿಗೆ ಸಿಗುವುದು ಒಂದು ಶಾಲು. (ಶಾಲು ಹೊದಿಸುವವರು ಬಿಸಿಯೂಟದವರ ಗೌರವಧನದ ಬಗ್ಗೆಯೂ ಒಮ್ಮೆ ವೇದಿಕೆಯಲ್ಲಿ ಮಾತಾಡಿದರೆ ಪ್ರಬಂಧಕಾರನ ಅಭ್ಯಂತರವಿಲ್ಲ.)

ದಾನಿಗಳ ಕುರಿತು ಒಂದು ಉಪಪ್ರಮೇಯ. ಬಯಲುಸೀಮೆಯ ಶಾಲೆಗೆ ದಾನಿಗಳು ಸೀಲಿಂಗ್ ಫ್ಯಾನ್ ಕೊಟ್ಟು ರೆಕ್ಕೆಯ ಮೇಲೆ ಹೆಸರು ಬರೆಸಿದರೆ, ಫ್ಯಾನ್ ತಿರುಗಿದಾಗ ಹೆಸರು ಕಾಣಿಸುವುದಿಲ್ಲ. ಕಳಸದ ಡಿಸೆಂಬರಿನಲ್ಲಿ ಫ್ಯಾನ್ ಯಾರೂ ಹಾಕುವುದಿಲ್ಲ. ಆದ್ದರಿಂದ ಇಡೀ ಚಳಿಗಾಲ ಹೆಸರು, ಇನಿಷಿಯಲ್, ಎಸ್ಟೇಟಿನ ಹೆಸರು, ‘ಇವರ ಸ್ಮರಣಾರ್ಥ’ ಎಲ್ಲ ಸ್ಪಷ್ಟವಾಗಿ ಓದಲು ಸಿಗುತ್ತದೆ. ಒಂದನೆಯ ತರಗತಿಯ ಮಕ್ಕಳು ಅಕ್ಷರ ಕಲಿತದ್ದು ನಲಿಕಲಿ ಕಾರ್ಡಿನಿಂದಲೋ ಫ್ಯಾನಿನಿಂದಲೋ ಎಂಬುದು ಇನ್ನೂ ಚರ್ಚೆಯಲ್ಲಿದೆ.

ಸಭಾ ಕಾರ್ಯಕ್ರಮ ಬೇಗ ಹೇಳಿ ಮುಗಿಸುತ್ತೇವೆ, ಅದು ಬೇಗ ಮುಗಿಯುವುದಿಲ್ಲವಾದ್ದರಿಂದ. ನಾಡಗೀತೆಗೆ ಸರ್ಕಾರ 2022ರಲ್ಲಿ ಎರಡೂವರೆ ನಿಮಿಷದ ಮಿತಿ ಹಾಕಿತು. ಅಧ್ಯಕ್ಷ ಭಾಷಣಕ್ಕೆ ಇನ್ನೂ ಹಾಕಿಲ್ಲ. ಅಧ್ಯಕ್ಷರು ಎದ್ದಾಗ ಹುಲಿವೇಷದ ಹುಡುಗನ ಬಣ್ಣ ಹಸಿಯಿರುತ್ತದೆ, ಕೂತಾಗ ಒಣಗಿ ಉದುರುತ್ತಿರುತ್ತದೆ. ನಡುವೆ ಮೈಕಿನಲ್ಲಿ ಕೇಳುವ ಅತ್ಯಂತ ಉಪಯುಕ್ತ ಮಾತೆಂದರೆ “ಎರಡನೇ ತರಗತಿಯ ಕೃಷ್ಣ ಎಲ್ಲಿದ್ದರೂ ಸ್ಟೇಜಿನ ಹಿಂದೆ ಬರಬೇಕು.” ಕೃಷ್ಣ ಅಷ್ಟರಲ್ಲಿ ಅಜ್ಜಿಯ ಕಂಬಳಿಯೊಳಗೆ ನಿದ್ದೆ ಹೋಗಿರುತ್ತಾನೆ.

ಬಹುಮಾನ ಸ್ಟೀಲ್ ಲೋಟ. ಕ್ಷೀರಭಾಗ್ಯ 2013ರಲ್ಲಿ ಶುರುವಾದ ಮೇಲೆ ಶಾಲೆಯಲ್ಲಿ ಮಗುವಿಗೆ 150 ಮಿಲಿಲೀಟರ್ ಹಾಲು. ಅದೇ ಹಾಲಿಗೆಂದು ಗೆದ್ದ ಲೋಟದಲ್ಲಿ ಮಗು ಮರುದಿನ ಬೆಳಿಗ್ಗೆ ಮನೆಯಲ್ಲಿ ಬೆಲ್ಲದ ಕಾಫಿ ಕುಡಿಯುತ್ತದೆ. ಕಾಫಿ ಬೆಳೆಯುವ ನಾಡಿನಲ್ಲಿ ಇದನ್ನು ತಡೆಯುವ ಶಕ್ತಿ ಯಾವ ಯೋಜನೆಗೂ ಇಲ್ಲ.

ಅಧ್ಯಾಯ 5: ಬಂದವರ ಮಕ್ಕಳು, ಬಾರದ ಅಕ್ಕಂದಿರು

ಕುಯ್ಲಿನ ಕಾಲಕ್ಕೆ ಅಸ್ಸಾಮಿನಿಂದ, ಬಂಗಾಳದಿಂದ, ಉತ್ತರ ಕರ್ನಾಟಕದಿಂದ, ತಮಿಳುನಾಡಿನಿಂದ ಕುಟುಂಬಗಳು ಬಂದು ಲೈನ್ ಮನೆಗಳಲ್ಲಿ ಇಳಿಯುತ್ತವೆ. ನವೆಂಬರಿನಲ್ಲಿ ತರಗತಿಗೆ ಹೊಸ ಮುಖ ಬರುತ್ತದೆ. ಮೊದಲ ವಾರ ಅದು ಕಲಿಯುವ ಕನ್ನಡ “ಹಾಜರ್ ಮಿಸ್.” ಎರಡನೆಯ ವಾರಕ್ಕೆ ಹುಡುಗರು ಕಲಿಸುವ ಕನ್ನಡವನ್ನು ಇಲ್ಲಿ ಮುದ್ರಿಸುವಂತಿಲ್ಲ. ಡಿಸೆಂಬರ್ 29 ಕುವೆಂಪು ಜನ್ಮದಿನ, ಸರ್ಕಾರಿ ಲೆಕ್ಕದಲ್ಲಿ ವಿಶ್ವಮಾನವ ದಿನ. ಅವರು ಹುಟ್ಟಿದ್ದು ಇದೇ ಚಿಕ್ಕಮಗಳೂರು ಜಿಲ್ಲೆಯ ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ. ಆ ದಿನದ ಭಾಷಣ ಸ್ಪರ್ಧೆಗೆ ವಿಶ್ವಮಾನವನ ಉದಾಹರಣೆ ಹುಡುಕಿ ಟೀಚರು ಎಲ್ಲಿಗೂ ಹೋಗಬೇಕಿಲ್ಲ; ಅಸ್ಸಾಮಿ, ತುಳು, ಬ್ಯಾರಿ, ಕೊಂಕಣಿ, ತಮಿಳು ಎಲ್ಲ ಒಂದೇ ಬೆಂಚಿನಲ್ಲಿ ತಳ್ಳಾಡುತ್ತ ಕೂತಿರುತ್ತವೆ.

ಫೆಬ್ರವರಿ-ಮಾರ್ಚ್‌ಗೆ ರೊಬಸ್ಟಾ ಮುಗಿಯುತ್ತದೆ, ಆ ಮುಖ ಹೋಗುತ್ತದೆ. ಹಾಜರಿ ಪುಸ್ತಕದಲ್ಲಿ ಹೆಸರಿನ ಮುಂದೆ ಗೈರು ಗೈರು ಗೈರು.

ಇನ್ನೊಂದು ಗೈರು ಇದಕ್ಕಿಂತ ಹಳೆಯದು. ನಾಲ್ಕನೆಯ ತರಗತಿಯ ಹುಡುಗಿ ಬಂದಿಲ್ಲ. ಹಣ್ಣು ಕುಯ್ಯಲು ಹೋಗಿದ್ದಾಳೆಯೇ? ಇಲ್ಲ, ಕಾನೂನಿಗೆ ಎಲ್ಲರೂ ಹೆದರುತ್ತಾರೆ. ಲೈನ್ ಮನೆಯ ಜಗಲಿಯಲ್ಲಿ ಒಂದೂವರೆ ವರ್ಷದ ತಮ್ಮನನ್ನು ಸೊಂಟದಲ್ಲಿ ಎತ್ತಿಕೊಂಡು ನಿಂತಿದ್ದಾಳೆ. ಐವತ್ತು ಹೆಂಗಸರು ದುಡಿಯುವ ತೋಟದಲ್ಲಿ ಕೂಸು ನೋಡಿಕೊಳ್ಳುವ ಮನೆ ಇರಬೇಕೆಂದು 1951ರ ತೋಟ ಕಾರ್ಮಿಕರ ಕಾಯ್ದೆ ಹೇಳಿತ್ತು. ನಮ್ಮ ಕಡೆ ಹೆಚ್ಚಿನವು ಸಣ್ಣ ತೋಟಗಳು. ಐವತ್ತು ಹೆಂಗಸರು ಅಲ್ಲಿ ಮದುವೆಮನೆಯಲ್ಲೂ ಸೇರುವುದಿಲ್ಲ. ಹೀಗೆ ಕಾನೂನು ಬಿಟ್ಟ ಜಾಗದಲ್ಲಿ ಅಕ್ಕ ನಿಂತಿದ್ದಾಳೆ.

ಉಪಸಂಹಾರ

ಪರೀಕ್ಷಕರು ಇಲ್ಲಿ ಕೇಳಬಹುದು: ಹಾಗಾದರೆ ಪರಿಹಾರವೇನು, ಡಿಸೆಂಬರಿಗೆ ರಜೆ ಕೊಡಬೇಕೆ? ಬೇಡ. ರಜೆ ಕೊಟ್ಟರೆ ಆ ಹುಡುಗಿಗೆ ಜಗಲಿಯೇ ಖಾಯಂ ಆಗುತ್ತದೆ, ಮಧ್ಯಾಹ್ನದ ಊಟವೂ ತಪ್ಪುತ್ತದೆ. ಶಾಲೆ ತೆರೆದೇ ಇರಲಿ. ಬದಲಾಗಬೇಕಾದ್ದು ಸಭೆಯ ಗಂಟೆ. ಶಿಕ್ಷಣ ಹಕ್ಕು ಕಾಯ್ದೆಯ 9ನೇ ಕಲಮು ಸ್ಥಳೀಯ ಪ್ರಾಧಿಕಾರಕ್ಕೆ ಹಚ್ಚಿದ ಕೆಲಸಗಳಲ್ಲಿ ಎರಡು ಹೀಗಿವೆ: ವಲಸೆ ಬಂದ ಕುಟುಂಬಗಳ ಮಕ್ಕಳನ್ನು ಶಾಲೆಗೆ ಸೇರಿಸುವುದು, ಶೈಕ್ಷಣಿಕ ವೇಳಾಪಟ್ಟಿ ನಿರ್ಧರಿಸುವುದು. ಅಂದರೆ ಊರಿನ ಹದ ನೋಡಿ ದಿನ ಗೊತ್ತುಮಾಡಲು ಕಾನೂನಿನ ಅಡ್ಡಿ ಇಲ್ಲ. ಅಡ್ಡಿ ಇರುವುದು ಹನ್ನೊಂದು ಗಂಟೆ ಎಂದು ಅಚ್ಚಾಗಿಬಿಟ್ಟ ನೋಟಿಸಿನಲ್ಲಿ.

ಆದ್ದರಿಂದ ಮುಂದಿನ ಡಿಸೆಂಬರಿಗೆ ಪೋಷಕರ ಸಭೆಯ ನೋಟಿಸ್ ಬರೆಯುವವರಲ್ಲಿ ವಿನಂತಿ. ತಾರೀಖು ಹಾಕುವ ಮುಂಚೆ ಹತ್ತಿರದ ತೋಟದ ಮೇಸ್ತ್ರಿಗೆ ಒಂದು ಫೋನ್ ಮಾಡಿ, ಕುಯ್ಲಿಗೆ ಬಿಡುವು ಯಾವ ದಿನ ಎಂದು ಕೇಳಿ. ಸಭೆ ಸಂಜೆ ಆರಕ್ಕೆ ಇಡಿ, ಆಗದಿದ್ದರೆ ಲೈನ್ ಮನೆಯ ಅಂಗಳದಲ್ಲೇ ಇಡಿ. ರಿಜಿಸ್ಟರಿನ ಜೊತೆಗೆ ಒಂದು ಟಾರ್ಚ್ ತನ್ನಿ, ಆನೆ ದಾರಿ.