ಬಾಡಿಗೆ ಹಾಸಿಗೆಯಲ್ಲಿ ಎರಡು ರಾತ್ರಿ

ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ನಮ್ಮಜ್ಜಿ ಹೇಳುತ್ತಿದ್ದರು. ಪಾಪ, ಅವರ ಕಾಲದಲ್ಲಿ ಮಾರ್ಜಿನ್ ಟ್ರೇಡಿಂಗ್ ಇರಲಿಲ್ಲ. ಈಗ ಹಾಸಿಗೆ ಗಿಡ್ಡವಾದರೆ ಬ್ರೋಕರ್ ಬಾಡಿಗೆಗೆ ಕೊಡುತ್ತಾನೆ.

2024ರ ಜೂನ್ 1, ಶನಿವಾರ ಸಂಜೆ. ಲೋಕಸಭಾ ಚುನಾವಣೆಯ ಎಕ್ಸಿಟ್ ಪೋಲ್ ಬಂದಿತ್ತು. ಟಿವಿಯಲ್ಲಿ ಕೋಟು ತೊಟ್ಟ ತಜ್ಞರೊಬ್ಬರು, "ಸೋಮವಾರ ಕೊಳ್ಳದವರು ಮಂಗಳವಾರ ಅಳುತ್ತಾರೆ" ಅಂದರು. ಕೆಳಗೆ ಇರುವೆ ಸಾಲಿನಂಥ ಅಕ್ಷರಗಳಲ್ಲಿ, 'ಹೂಡಿಕೆಗೆ ಮುನ್ನ ನಿಮ್ಮ ಸಲಹೆಗಾರರನ್ನು ಕೇಳಿ' ಅಂತಿತ್ತು. ನನಗಿದ್ದ ಸಲಹೆಗಾರರು ಇವರೊಬ್ಬರೇ, ಕೇಳುತ್ತಲೇ ಇದ್ದೆನಲ್ಲ!

ಸೋಮವಾರ ಸೆನ್ಸೆಕ್ಸ್ 2,500 ಅಂಶ ಹಾರಿತು. ಹಾರಿದ ಮೇಲೆ ನಾನು ಹತ್ತಿದೆ. ಕೈಯಲ್ಲಿದ್ದದ್ದು 1 ಲಕ್ಷ. ಮೊಬೈಲಿನಲ್ಲಿ ಗುಂಡಿ ಒತ್ತಿದ್ದಕ್ಕೆ ಬ್ರೋಕರ್ 3 ಲಕ್ಷ ಸಾಲ ಕೊಟ್ಟ. ಒಟ್ಟು 4 ಲಕ್ಷಕ್ಕೆ ಒಂದು ಸರ್ಕಾರಿ ಕಂಪನಿಯ ಷೇರು.

"ಶೇ 10 ಏರಿದರೆ ನನಗೆ ಶೇ 40 ಲಾಭ ಕಣೇ" ಅಂದೆ.

ಅನ್ನ ಬಸಿಯುತ್ತಿದ್ದ ಹೆಂಡತಿ ತಲೆ ಎತ್ತದೆ, "ಇಳಿದರೆ ಎಷ್ಟು ರೀ?" ಅಂದಳು. ಷೇರುಪೇಟೆಯ ಗಂಧಗಾಳಿ ಇಲ್ಲದವರ ಪ್ರಶ್ನೆ ಅಂತ ನಕ್ಕೆ.

ಮಂಗಳವಾರ ಮತ ಎಣಿಕೆ. ಸೆನ್ಸೆಕ್ಸ್ 4,389 ಅಂಶ ಬಿತ್ತು. ನನ್ನ ಷೇರು ಶೇ 20. ಹೆಂಡತಿಯ ಪ್ರಶ್ನೆಗೆ ಉತ್ತರ ಸಿಕ್ಕಿತು: 80 ಸಾವಿರ. ತಜ್ಞರ ಮಾತೂ ಅರ್ಧ ನಿಜವಾಯಿತು. ಮಂಗಳವಾರ ಅತ್ತೆ, ಆದರೆ ಕೊಂಡು ಅತ್ತೆ. ರಾತ್ರಿ ಬ್ರೋಕರ್‌ನ ಸಂದೇಶ ಬಂತು: ಮಾರ್ಜಿನ್ ತುಂಬಿ, ಇಲ್ಲವೇ ಮಾರುತ್ತೇವೆ. ಭಾವನಿಗೆ ಫೋನ್ ಮಾಡಿದೆ. ಮಳೆ, ಮಾವಿನಹಣ್ಣು, ಮಕ್ಕಳ ಶಾಲೆ ಎಲ್ಲವೂ ಅವರಿಗೆ ಸ್ಪಷ್ಟವಾಗಿ ಕೇಳಿಸಿತು. "50 ಸಾವಿರ" ಅಂದೆ, ನೆಟ್‌ವರ್ಕ್ ಹೋಯಿತು.

ಬುಧವಾರ ಪೇಟೆ ತೆರೆಯುತ್ತಲೇ ಬ್ರೋಕರ್ ಹಾಸಿಗೆ ಎಳೆದುಕೊಂಡ. ಎರಡು ರಾತ್ರಿಯ ಬಾಡಿಗೆಯನ್ನು ಬಡ್ಡಿ ಅಂತ ಮುರಿದುಕೊಂಡ. ಆ ಎರಡು ರಾತ್ರಿಯೂ ನಾನು ನಿದ್ದೆ ಮಾಡಿರಲಿಲ್ಲ.

ಶುಕ್ರವಾರ ಸೆನ್ಸೆಕ್ಸ್ ಸೋಮವಾರದ ಮಟ್ಟವನ್ನೂ ದಾಟಿ ನಿಂತಿತು. ಅದೇ ಕೋಟು, ಅದೇ ತಜ್ಞರು: "ತಾಳಿದವನು ಬಾಳಿಯಾನು ಅಂತ ಹೇಳಿರಲಿಲ್ಲವೇ?" ತಾಳ್ಮೆ ನನಗೂ ಇತ್ತು ಸ್ವಾಮಿ, ಬ್ರೋಕರ್‌ಗೆ ಇರಲಿಲ್ಲ. ಸ್ವಂತ ದುಡ್ಡು ಹಾಕಿದವನು ಎಷ್ಟು ದಿನವಾದರೂ ಕಾಯಬಹುದು. ಸಾಲದ ದುಡ್ಡಿಗೆ ಗಡುವು ಇಡುವವನೇ ಬೇರೆ.

ಈಗ ಸಂಬಳದಲ್ಲಿ ಉಳಿದಷ್ಟನ್ನು ತಿಂಗಳಿಗೊಮ್ಮೆ ಸಿಪ್‌ಗೆ ಹಾಕುತ್ತೇನೆ. ಹಾಸಿಗೆಯಲ್ಲ, ಚಾಪೆ. ಆದರೆ ಸ್ವಂತದ್ದು.

ಹೂಡಿಕೆಗೆ ಮುನ್ನ ನಿಮ್ಮ ಸಲಹೆಗಾರರನ್ನು ತಪ್ಪದೆ ಕೇಳಿ. ನನ್ನ ಸಲಹೆಗಾರ್ತಿ ಅಡುಗೆಮನೆಯಲ್ಲಿದ್ದಳು. ನಾನು ಟಿವಿಯಲ್ಲಿ ಹುಡುಕುತ್ತಿದ್ದೆ.